ಯಾವ ಗೋಡೆ ಅಂತ ಬರೆದಿರಲಿಲ್ಲ

ಜಯನಗರದ ಹಳೇ ಮನೆಯೊಂದರ ಅಡುಗೆಮನೆ ದೊಡ್ಡದು ಮಾಡುವ ಕೆಲಸಕ್ಕೆ ನಾನೇ ಎಂಜಿನಿಯರ್. ಮೇಸ್ತ್ರಿಗೆ ಕೊಟ್ಟ ಕೆಲಸದ ಪಟ್ಟಿಯಲ್ಲಿ "ಅಡುಗೆಮನೆ ಗೋಡೆ ಒಡೆಯುವುದು" ಅಂತ ಒಂದೇ ಸಾಲು ಬರೆದಿದ್ದೆ. ಮರುದಿನ ಬೆಳಿಗ್ಗೆ ಗೇಟು ತೆಗೆಯುವಾಗಲೇ ಸುತ್ತಿಗೆ ಏಟು ಕೇಳಿಸಿತು. ಒಳಗೆ ಓಡಿದರೆ, ಮೇಸ್ತ್ರಿ ಒಡೆಯುತ್ತಿದ್ದದ್ದು ಮೇಲಿನ ಮಹಡಿಯನ್ನು ಹೊತ್ತ ಗೋಡೆ. ಆ ಮಹಡಿಯಲ್ಲಿ ಮನೆಯ ಯಜಮಾನಿ ಪೂಜೆಗೆ ಕೂತಿದ್ದರು. ಗಂಟೆ ಕೇಳಿಸುತ್ತಿತ್ತು.

"ಅಣ್ಣಾ, ನಿಲ್ಸಿ!" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಯಾಕ್ ಸಾರ್? ಪಟ್ಟೀಲಿ ಗೋಡೆ ಒಡೀಬೇಕು ಅಂತಿದೆ. ಯಾವ ಗೋಡೆ ಅಂತ ಎಲ್ಲಿದೆ?"

ಅಷ್ಟರಲ್ಲಿ ಮೇಲಿಂದ ಗಾರೆ ಪುಡಿ ಮೇಸ್ತ್ರಿಯ ತಲೆ ಮೇಲೆ ಉದುರಿತು. ಅವರು ಮಹಡಿಗೆ ಆಸರೆ ಕೊಡುವ ಕಬ್ಬಿಣದ ಜಾಕಿ ತರಲು ಓಡಿದರು. ನಾನು ಹೆಜ್ಜೆ ಸದ್ದಾಗದ ಹಾಗೆ ಮೆಟ್ಟಿಲು ಹತ್ತಿ, "ಆಂಟಿ, ಮೆಲ್ಲಗೆ ಕೆಳಗೆ ಬನ್ನಿ" ಅಂದೆ.

"ಮಂಗಳಾರತಿ ಮುಗಿಸ್ಕೊಂಡು ಬರ್ತೀನಪ್ಪ."

ಅಷ್ಟು ಉದ್ದದ ಮಂಗಳಾರತಿ ನಾನು ಜನ್ಮದಲ್ಲಿ ನೋಡಿಲ್ಲ.

ಆಂಟಿ ಕೆಳಗೆ ಇಳಿಯುವಷ್ಟರಲ್ಲಿ ಜಾಕಿ ನಿಂತಿತು, ಮನೆಯೂ ನಿಂತಿತು. ಆಮೇಲೆ ಅಲ್ಲೇ ಕೂತು ಪಟ್ಟಿ ಬಿಡಿಸಿ ಬರೆದೆ. ಯಾವ ಗೋಡೆ, ಎಷ್ಟು ಅಡಿ, ಮೊದಲು ಏನು, ಯಾವುದನ್ನು ಮುಟ್ಟಲೇಬಾರದು ಅಂತ ಮೂರು ಹಾಳೆಯಾಯಿತು. ಮೇಸ್ತ್ರಿ ಪೂರ್ತಿ ಓದಿ, "ಟೀ ಯಾವಾಗ ಅಂತ ಬರ್ದಿಲ್ವಲ್ಲ ಸಾರ್" ಅಂದರು.

ಆ ಹೆದರಿಕೆಯಲ್ಲಿ ಅದನ್ನೂ ಬರೆದುಬಿಟ್ಟೆ.