ಒಂದು ಸೆಕೆಂಡಿನ ಪಜಲ್

ಸರ್ ತೀರಿಕೊಂಡ ಹದಿಮೂರನೆಯ ದಿನದ ಬೊಜ್ಜದ ಊಟಕ್ಕೆ ಹೊರಡಲೆಂದು ಇವತ್ತು ಬೆಳಿಗ್ಗೆ ಗಡ್ಡ ಹೆರೆಯುವಾಗ ಬ್ಲೇಡ್ ತಾಗಿತು. ಹತ್ತಿಯಲ್ಲಿ ಸ್ಪಿರಿಟ್ ಒತ್ತಿಕೊಂಡೆ. ಆ ವಾಸನೆಗೆ ಅವರ ರಕ್ತ ಸುರಿಯುವ ಕೈ ಕಣ್ಣೆದುರು ಬಂತು…

ಹಂಪನಕಟ್ಟೆಯ ಹಳೆಯ ಕಟ್ಟಡವೊಂದರ ಮೂರನೆಯ ಮಾಳಿಗೆಯಲ್ಲಿ ಅವರು ನಮಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ಆನ್‌ಲೈನ್‌ನಲ್ಲಿ ಪಜಲ್ ಹಾಕುವರು. ನಮ್ಮ ಪ್ರೋಗ್ರಾಂ ಗೊತ್ತುಮಾಡಿದ ಸಮಯದೊಳಗೆ ಉತ್ತರ ಕೊಡಬೇಕು. ಅದು ಎಷ್ಟು ಹೆಜ್ಜೆ ಹಾಕುತ್ತದೆಂದು ಮೊದಲು ಕಾಗದದಲ್ಲಿ ಲೆಕ್ಕ ತೋರಿಸದೆ ಕೀಬೋರ್ಡ್ ಮುಟ್ಟುವ ಹಾಗಿರಲಿಲ್ಲ. ಸೆಕೆಂಡಿಗೆ ಹತ್ತು ಕೋಟಿ ಹೆಜ್ಜೆ ಎಂಬುದು ಅವರ ಅಳತೆ. ತಪ್ಪಿದರೆ ಸ್ಟೀಲ್ ಸ್ಕೇಲಿನ ಅಂಚಿನಿಂದ ಬೆರಳ ಗೆಣ್ಣಿಗೆ ಪೆಟ್ಟು. ನನ್ನ ಚರ್ಮ ಎಷ್ಟು ಸಲ ಒಡೆಯಿತೋ… ಆದರೂ ಹೋಗುತ್ತಿದ್ದೆ. ಅಷ್ಟು ಚೆನ್ನಾಗಿ ಕಲಿಸುವವರು ನನಗೆ ಬೇರೆ ಯಾರೂ ಸಿಗಲಿಲ್ಲ.

ಒಂದು ಶನಿವಾರ ತಾವೇ ಮಾಡಿದ ಪಜಲ್ ಹಾಕಿದರು. ಅದಕ್ಕೆ ‘ಸುಲಭ’ ಎಂದು ಬರೆದು, ಒಂದು ಸೆಕೆಂಡ್ ಕೊಟ್ಟಿದ್ದರು. ಹನ್ನೆರಡು ಮಂದಿಯಲ್ಲಿ ಒಬ್ಬರಿಗೂ ಆಗಲಿಲ್ಲ. ಸಾಲಾಗಿ ಪೆಟ್ಟು ಬಿತ್ತು. ಪಕ್ಕದಲ್ಲಿದ್ದವಳ ಬೆರಳಿನಿಂದ ರಕ್ತ ಮೇಜಿಗೆ ತೊಟ್ಟಿಕ್ಕಿತು. ನನ್ನ ಸರದಿ ಬಂದಾಗ ಕಾಗದ ಮುಂದೆ ಹಿಡಿದೆ.

“ಸರ್, ಒಂದು ಲಕ್ಷ ಸಂಖ್ಯೆ ಉಂಟು. ಒಂದೊಂದನ್ನು ಉಳಿದದ್ದಕ್ಕೆಲ್ಲ ಹೋಲಿಸಿದರೆ ಸಾವಿರ ಕೋಟಿ ಹೆಜ್ಜೆ ಆಗ್ತದೆ, ನೂರು ಸೆಕೆಂಡ್ ಬೇಕು. ಇದು ಸುಲಭದ್ದಲ್ಲ.”

“ನಿನಗೆ ಆಗುದಿಲ್ಲ ಅಂತ ಹೇಳು ಮಾರಾಯ. ನಿನ್ನ ಪ್ರೋಗ್ರಾಂ ಸಿಟಿ ಬಸ್ಸಿನ ಹಾಗೆ ಸ್ಟಾಪ್ ಸ್ಟಾಪಿನಲ್ಲಿ ನಿಂತು ಜನ ಕರೆದರೆ ಎಲ್ಲಿಂದ ಮುಟ್ಟುದು?”

ಸ್ಕೇಲ್ ಎರಡು ಸಲ ಬಿತ್ತು. ಮೂರನೆಯ ಸಲ ನಾನು ಅದನ್ನು ಹಿಡಿದುಕೊಂಡೆ.

“ನಿಮ್ಮ ಪ್ರೋಗ್ರಾಂ ಓಡಿಸಿ ತೋರಿಸಿ ಸರ್. ನಿಮ್ಮ ಲೆಕ್ಕದ ಕಾಗದ ಎಲ್ಲಿ ಉಂಟು?”

ಕಾಗದ ಇರಲಿಲ್ಲ. ನಮಗೆ ಕಲಿಸಿದ್ದನ್ನು ಆ ದಿನ ಅವರೇ ಮಾಡಿರಲಿಲ್ಲ. ಹತ್ತು ಸಂಖ್ಯೆ ಕೊಟ್ಟು ನೋಡಿ, ಸರಿಯಾಯಿತೆಂದು ಬಿಟ್ಟಿದ್ದರು. ಈಗ ಎಲ್ಲರೆದುರು ಲಕ್ಷ ಸಂಖ್ಯೆ ಕೊಟ್ಟು ಓಡಿಸಿದರು. ಸಮಯ ಮೀರಿತು ಎಂದು ಕೆಂಪಕ್ಷರ ಬಂತು. ಹಿಂದಿನಿಂದ ಯಾರೋ ನಕ್ಕರು. ನಾನೂ ನಕ್ಕೆ. ಅವರಿಗೆ ನೋವಾಗಲಿ ಎಂದೇ ನಕ್ಕೆ.

ಅವರು ತಿರುಗಿ ಗಾಜಿನ ಬಾಗಿಲಿಗೆ ಗುದ್ದಿದರು. ಕೈ ಮೊಣಕೈ ತನಕ ಗಾಜಿನೊಳಗೆ ಹೋಯಿತು. ಎಳೆದುಕೊಂಡಾಗ ಮಣಿಕಟ್ಟು ಸೀಳಿ ಬಾಯಿ ತೆರೆದಿತ್ತು. ನನ್ನ ಅಂಗಿ ಬಿಚ್ಚಿ ಬಿಗಿದು, ರಿಕ್ಷಾದಲ್ಲಿ ಕಂಕನಾಡಿಯ ಆಸ್ಪತ್ರೆಗೆ ಕರೆದೊಯ್ದೆ. ದಾರಿಯಲ್ಲಿ ಒಮ್ಮೆ ಕೇಳಿದರು.

“ಸಾವಿರ ಕೋಟಿಯಾ?”

“ಹೌದು ಸರ್.”

ಆಗಲಾದರೂ ನಾನು ಸುಮ್ಮನಿರಬಹುದಿತ್ತು.

ನರ ಕಡಿದಿತ್ತು. ಮೂರು ಬೆರಳು ಮತ್ತೆ ಬಗ್ಗಲಿಲ್ಲ. ಕ್ಲಾಸ್ ನಿಂತಿತು. ಕ್ಷಮೆ ಕೇಳಲೆಂದು ದೇರೆಬೈಲಿನ ಅವರ ಮನೆಯ ಗೇಟಿನ ತನಕ ಎರಡು ಸಲ ಹೋಗಿ ಹಿಂದೆ ಬಂದೆ. ಹಾಗೇ ವರ್ಷಗಳು…

ಇವತ್ತು ಆ ಗೇಟು ದಾಟಿದೆ. ಊಟವಾದ ಮೇಲೆ ಅವರ ಹೆಂಡತಿ ಕರೆದರು.

“ನೀವು ಅವರ ಕ್ಲಾಸಿನವರಲ್ವಾ? ಇವರು ಮೆಟ್ಟಿಲು ಜಾರಿ ಗಾಜಿನ ಮೇಲೆ ಬಿದ್ದಾಗ ಆಸ್ಪತ್ರೆಗೆ ಕರ್ಕೊಂಡು ಹೋದದ್ದು ನೀವಾ? ಅವನಿಲ್ಲದಿದ್ರೆ ನಾನು ಉಳೀತಿರಲಿಲ್ಲ ಅಂತ ಯಾವಾಗಲೂ ಹೇಳ್ತಿದ್ರು.”

ನಾನೇ ಎಂದೆ. ಅವರು ಕೈ ಮುಗಿದರು. ನಿಜ ಹೇಳಿದರೆ ಸರ್ ಅವರ ಮಾತು ಸುಳ್ಳಾಗುತ್ತಿತ್ತು. ಆ ನಮಸ್ಕಾರ ತೆಗೆದುಕೊಂಡು ಮನೆಗೆ ಬಂದಿದ್ದೇನೆ.