ಮಗಳ ಡೇರೆಯ ಎರಡು ಕಿಂಡಿ

ಸಂದಿಯಿಂದ ನುಗ್ಗುವ ಗಾಳಿ ಎಂದರೆ ನನಗೆ ಮೊದಲಿನಿಂದಲೂ ಭಯ. ನಮ್ಮ ಕಡೆ ಹೆರಿಗೆಯಾದವಳನ್ನು ಕತ್ತಲೆ ಖೋಲಿಯಲ್ಲಿ ಮಲಗಿಸಿ, ಕಿಟಕಿಗೆ ಗೋಣಿತಟ್ಟು ಬಡಿದು, ಹೊರಸಿನ ಕೆಳಗೆ ಕೆಂಡದ ಶೇಗಡಿ ಇಡುತ್ತಾರೆ. ಔರಾದಿನ ನನ್ನ ಮಾವನ ಮನೆಯಲ್ಲಿ ಮಗಳು ಹುಟ್ಟಿದಾಗ ಕಡು ಚಳಿ ಇತ್ತು. ತಟ್ಟು ಸಾಲದೆಂದು ನಾನು ನಮ್ಮೂರು ಭಾಲ್ಕಿಯಿಂದ ಲಾರಿಗೆ ಹೊಚ್ಚುವ ದಪ್ಪ ತಾಡಪತ್ರಿ ಒಯ್ದು, ಒಂದು ಸಂದಿಯೂ ಉಳಿಯದಂತೆ ಕಿಟಕಿಗೆ ಮೊಳೆ ಹೊಡೆದೆ. ಮರುದಿನ ಬೆಳಿಗ್ಗೆ ಹೆಂಡತಿ ತಲೆ ಎತ್ತಲಾರದೆ ವಾಂತಿ ಮಾಡಿಕೊಂಡಳು. ಕೂಸು ಅಳುತ್ತಲೇ ಇರಲಿಲ್ಲ. ಅತ್ತೆ ಒಳಗೆ ಬಂದವರೇ ತಾಡಪತ್ರಿಯನ್ನು ಹಿಡಿದು ಕಿತ್ತರು.

"ಅಳಿಯಂದ್ರ, ಇದು ತೊಗರಿ ಚೀಲ ಅಲ್ಲರಿ. ಒಳಗ ಎರಡು ಜೀವ ಅವ," ಎಂದರು.

ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು. ಆಗ ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕು ಮರೆತದ್ದೇ ತಪ್ಪಾಯಿತು.

ಆ ಕೂಸು ಈಗ ಶಾಲೆಯಲ್ಲಿ ಆಟದ ಟೀಚರು. ಮನೆ ಬೀದರಿನ ನೌಬಾದದಲ್ಲಿ. ಬೇಸಿಗೆ ರಜೆಯಲ್ಲಿ ಪರ್ವತ ಹತ್ತುವುದನ್ನು ಕಲಿತವಳು ಹೋದ ವರ್ಷ ಚಳಿಗಾಲದಲ್ಲೇ ಒಂದು ತಂಡ ಸೇರಿ ಹಿಮಾಲಯಕ್ಕೆ ಹೊರಟಳು. ಜೊತೆಗೆ ಬೀದರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಅವಳ ಗೆಳತಿ. ಕೆಳಗಿನ ಬಿಡಾರದಲ್ಲಿ ಇರಲು ವ್ಯವಸ್ಥೆ ಇರುತ್ತದೆ, ಮೇಲೆ ಹೋದಾಗ ಇಬ್ಬರಿಗೂ ಸೇರಿ ತಮ್ಮದೇ ಟೆಂಟು ಬೇಕು.

"ಅಪ್ಪಾ, ಅರಿವಿ ನೋಡೋದು ನಿಮಗ ಗೊತ್ತದ. ಬಂದು ಆರಿಸಿ ಕೊಡ್ರಿ," ಎಂದು ಫೋನ್ ಮಾಡಿದಳು.

ನಾನು ಮ್ಯಾಟ್ರಿಕ್ ಮುಗಿಸಿ ಭಾಲ್ಕಿಯ ಮಾರುಕಟ್ಟೆಯಲ್ಲಿ ತಾಡಪತ್ರಿ ಹೊಲಿಯಲು ಕೂತವನು. ಕಬ್ಬಿನ ಲಾರಿಗೆ, ಕಾಳಿನ ರಾಶಿಗೆ, ಮದುವೆಯ ಚಪ್ಪರಕ್ಕೆ ಹೊಲಿದಿದ್ದೇನೆ. ಹಿಮ ಕಂಡವನಲ್ಲ. ಆದರೂ ಬಸ್ಸು ಹತ್ತಿದೆ.

ಅವಳು ಎರಡು ಟೆಂಟು ತರಿಸಿ ಮಾಳಿಗೆಯ ಮೇಲೆ ನಿಲ್ಲಿಸಿದ್ದಳು. ಒಂದು ಎತ್ತರವಾಗಿ, ನೋಡಲು ಚಂದವಾಗಿತ್ತು. ಅಂಗೈಯಿಂದ ಪಕ್ಕಕ್ಕೆ ಒತ್ತಿದೆ, ಒರಗಿಬಿಟ್ಟಿತು. ಅದರ ಮೇಲ್ಹೊದಿಕೆ ನೆಲದಿಂದ ಗೇಣೆತ್ತರಕ್ಕೇ ನಿಂತಿತ್ತು. ಕೆಳಗಿಂದ ಗಾಳಿ ನುಗ್ಗಿದರೆ ಚಪ್ಪರ ಹಾರುವ ಹಾಗೆ ಹಾರುತ್ತದೆ. ಇನ್ನೊಂದು ಕುಳ್ಳಗೆ, ಆಮೆಯ ಹಾಗೆ ಕೂತಿತ್ತು. ಕೋಲುಗಳು ಒಂದರ ಮೇಲೊಂದು ಹಲವು ಕಡೆ ಅಡ್ಡ ಹಾಯ್ದಿದ್ದವು. ಎಲ್ಲಿ ಒತ್ತಿದರೂ ತಿರುಗಿ ಒತ್ತುತ್ತಿತ್ತು. ಹೊರ ಹೊದಿಕೆ ನೆಲ ಮುಟ್ಟಿ, ಸುತ್ತಲೂ ಸೆರಗು ಇತ್ತು. ಆ ಸೆರಗಿನ ಮೇಲೆ ಹಿಮ ಹೇರಬೇಕಂತೆ. ಹೊಲಿಗೆ ಎಳೆದು ನೋಡಿದೆ, ಬಕೆಟ್ಟುಗಟ್ಟಲೆ ನೀರು ಸುರಿದೆ. ಒಳಗೆ ಒಂದು ಹನಿಯೂ ಇಳಿಯಲಿಲ್ಲ. ಅದರ ಗೂಟಗಳು ಗೌಂಡಿಯ ಕರಣೆಯ ಹಾಗೆ ಅಗಲವಾಗಿದ್ದವು. ನಮ್ಮ ಕೆಂಪು ಕಲ್ಲಿನ ನೆಲಕ್ಕೆ ಇಳಿಯುವಂಥವಲ್ಲ, ಸಡಿಲ ಹಿಮ ಹಿಡಿದು ನಿಲ್ಲುವಂಥವು.

"ಇದನ್ನ ಒಯ್ಯವ್ವಾ," ಎಂದೆ.

ಆಗಲೇ ನೆತ್ತಿಯ ಹತ್ತಿರ ಎರಡು ಕಿಂಡಿ ಕಂಡವು. ಕಣ್ಣ ರೆಪ್ಪೆಯಂಥ ಮುಚ್ಚಳವನ್ನು ಸಣ್ಣ ಕಡ್ಡಿ ಎತ್ತಿ ಹಿಡಿದಿತ್ತು.

"ಇವ್ಯಾಕ? ಇಲ್ಲಿಂದ ಗಾಳಿ ಬರ್ತದಲ್ಲ."

"ಬರ್ಲಿಕ್ಕೇ ಇಟ್ಟಾರ್ರೀ ಅಪ್ಪಾ. ಉಸಿರು ಹೊರಗ ಹೋಗಬೇಕಲ್ಲ."

"ಹಿಮದಾಗ ಕಿಂಡಿ ತಗದು ಮಲಗೂದು ಯಾವ ಶಾಣ್ಯಾತನ?"

"ನಿಮಗ ಬಾಣಂತಿ ಖೋಲಿನೇ ಬೇಕು," ಎಂದು ನಗುತ್ತ ಅವಳು ಬಜಾರಿಗೆ ಹೋದಳು.

ಅವಳು ಹೋದ ಮೇಲೆ ಆ ಕಿಂಡಿಗಳಿಂದ ಕಣ್ಣು ಕೀಳಲಾಗಲಿಲ್ಲ. ಬಿರುಗಾಳಿ ಅಲ್ಲಿಂದ ನುಗ್ಗಿ ಅವಳ ಎದೆಯ ಮೇಲೆ ಕೂತಂತೆ ಅನ್ನಿಸಿತು. ಚೀಲದಲ್ಲಿ ಸೂಜಿ ಇತ್ತು, ಅದೇ ಬಣ್ಣದ ನೂಲೂ ಇತ್ತು. ಮುಚ್ಚಳದ ಅಂಚನ್ನು ಒಳಮಗ್ಗುಲಿಂದ ಹೊಲಿದುಬಿಟ್ಟೆ. ಹೊಲಿಗೆ ಎಷ್ಟು ಸಣ್ಣಗೆ ಬಂತೆಂದರೆ ಹೊಲಿದವನಿಗೇ ಹುಡುಕಬೇಕು. ಆಮೇಲೆ ಟೆಂಟನ್ನು ಮಡಚಿ ಚೀಲಕ್ಕೆ ತುಂಬಿದೆ. ಅವಳು ಬಂದು ನೋಡಿ, "ಪ್ಯಾಕ್ ಸುದ್ದಾ ಮಾಡೀರೇನ್ರೀ," ಎಂದು ಖುಷಿಪಟ್ಟಳು. ಅವಳಿಗೆ ಒಂದು ಮಾತೂ ಹೇಳಲಿಲ್ಲ.

ಅವಳು ಹೊರಟು ಕೆಲವು ದಿನ ಕಳೆದಿದ್ದವು. ಬಿಡಾರದಿಂದ ಮೇಲೆ ಹೋಗುತ್ತೇವೆ, ಇನ್ನು ಫೋನು ಹತ್ತುವುದಿಲ್ಲ ಎಂದು ಹೇಳಿದ್ದಳು. ಮಾರನೆಯ ಬೆಳಿಗ್ಗೆ ಕಾಳು ಮಾರಿಸುವ ಅಡತಿ ಅಂಗಡಿಯ ಹಮಾಲನೊಬ್ಬ ನನ್ನನ್ನು ಕರೆದ. ತೊಗರಿ ಚೀಲಗಳ ರಾಶಿಗೆ ಹೊಚ್ಚಿದ್ದ ನನ್ನ ತಾಡಪತ್ರಿ ಸೋರುತ್ತದೆ ಎಂಬುದು ಅವನ ತಕರಾರು. ಮಳೆಯೇ ಇಲ್ಲದೆ ಸೋರುವುದು ಹ್ಯಾಗೆ? ಎತ್ತಿ ನೋಡಿದೆ. ಒಳಮೈಯೆಲ್ಲ ನೀರು, ಮೇಲಿನ ಚೀಲಗಳು ಒದ್ದೆ. ಯಾರೋ ಹೊಸಬರು ಅಂಚುಗಳನ್ನೆಲ್ಲ ಬಿಗಿದು ಕಟ್ಟಿದ್ದರು.

"ಇದು ಸೋರಿಲ್ಲೋ, ಬೆವತದ. ಗಾಳಿ ಆಡ್ಲಿಕ್ಕ ಒಂದ್ ಮಗ್ಗಲ ಬಿಡಬೇಕು," ಎಂದೆ. ನೂರಾರು ಜನಕ್ಕೆ ಹೇಳಿದ ಮಾತು ಅದು.

ತೊಗರಿಗೆ ಬಿಡುವಷ್ಟು ಜಾಗವನ್ನು ಮಗಳಿಗೆ ಬಿಟ್ಟಿರಲಿಲ್ಲ ನಾನು. ಹಿಮ ಬಿದ್ದರೆ ಸೆರಗೂ ಮುಚ್ಚುತ್ತದೆ, ಮೇಲೆ ಕಿಂಡಿಯೂ ಇಲ್ಲ. ಹೊರಗೆ ಬಿರುಗಾಳಿ ಇದ್ದರೆ ಟೆಂಟಿನ ಬಾಗಿಲಲ್ಲೇ ಸ್ಟೋ ಹಚ್ಚಿ ಹಿಮ ಕರಗಿಸುತ್ತೇವೆ ಎಂದು ಅವಳೇ ಹೇಳಿದ್ದಳು. ಔರಾದಿನ ಖೋಲಿ, ಶೇಗಡಿ, ಅಳದ ಕೂಸು ಕಣ್ಣ ಮುಂದೆ ಬಂದವು. ಒದ್ದೆ ಚೀಲದ ಮೇಲೇ ಕೂತುಬಿಟ್ಟೆ.

"ಯಾಕ್ರೀ ಕಾಕಾ, ತೊಗರಿ ನಿಮ್ಮದೇನಲ್ಲ," ಎಂದ ಹಮಾಲ.

ಫೋನ್ ಹಚ್ಚಿದೆ. ಸಂಪರ್ಕದಲ್ಲಿಲ್ಲ ಎಂಬ ದನಿ. ಕೆಳಗಿನ ಬಿಡಾರದ ನಂಬರಿಗೆ ಹಚ್ಚಿದೆ. ಎತ್ತಿದವನಿಗೆ ಹಿಂದಿ ಮಾತ್ರ ಬರುತ್ತಿತ್ತು. ನನ್ನ ಭಾಲ್ಕಿ ಹಿಂದಿಯಲ್ಲಿ ಕಿಂಡಿ, ಹೊಲಿಗೆ ಎಂದು ಎಷ್ಟೋ ಹೇಳಿದೆ. ಮೇಲೆ ಹವಾಮಾನ ಕೆಟ್ಟಿದೆ, ವೈರ್‌ಲೆಸ್ ಹತ್ತುತ್ತಿಲ್ಲ, ಹತ್ತಿದರೆ ಹೇಳುತ್ತೇನೆ ಎಂದ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ಬೈಯಲಿಲ್ಲ.

"ಆವಾಗ ನಮ್ಮವ್ವ ಬಂದು ಕಿತ್ತಳು. ಅಲ್ಲಿ ಯಾರು ಕೀಳ್ತಾರ್ರೀ?" ಎಂದಳು.

ಹೆಂಚಿನ ಮೇಲಿನ ರೊಟ್ಟಿ ಸೀದು ಕರಕಲಾಯಿತು, ಇಬ್ಬರೂ ತೆಗೆಯಲಿಲ್ಲ. ಆಮೇಲಿನ ದಿನಗಳಲ್ಲಿ ಅವಳು ಮನೆಯ ಕಿಟಕಿಗಳನ್ನೆಲ್ಲ ತೆರೆದೇ ಇಟ್ಟಳು. ಚಳಿಗೆ ನಡುಗುತ್ತ ಕೂತಿದ್ದೆ, ಮುಚ್ಚು ಎನ್ನುವ ಧೈರ್ಯ ಬರಲಿಲ್ಲ. ಫೋನನ್ನು ಕೈಯಿಂದ ಕೆಳಗಿಡಲಿಲ್ಲ.

ಕೊನೆಗೆ ಫೋನಿನಲ್ಲಿ ಮಗಳ ದನಿ ಬಂತು. "ಅಪ್ಪಾ, ಆರಾಮ ಇದ್ದೀವ್ರೀ. ಶಿಖರ ಆಗ್ಲಿಲ್ಲ, ಹೊಳ್ಳಿ ಬಂದ್ವಿ."

ಟೆಂಟಿನ ಒಳಗೆಲ್ಲ ನೀರು ಹನಿದು, ಒಳಹೊಕ್ಕು ಮಲಗುವ ಚೀಲಗಳು ನೆನೆದು ಮಂಜುಗಟ್ಟಿದ್ದವಂತೆ. ಕಿಂಡಿಯ ಮುಚ್ಚಳ ತೆರೆಯಲಿಲ್ಲ, ಹಿಮಕ್ಕೆ ಹತ್ತಿಕೊಂಡಿದೆ, ಎಳೆದರೆ ಹರಿದೀತು ಎಂದು ಬಿಟ್ಟರಂತೆ. ಸ್ಟೋ ಹಚ್ಚಿದ ಮೇಲೆ ಗೆಳತಿಗೆ ತಲೆ ಸಿಡಿದು ಮಾತು ತೊದಲಿತು. ನರ್ಸಲ್ಲವೇ, ಒಳಗೆ ವಿಷಗಾಳಿ ತುಂಬಿದೆ ಎಂದು ಅವಳಿಗೇ ಅನುಮಾನ ಬಂದು ಸ್ಟೋ ಆರಿಸಿ, ಬಿರುಗಾಳಿಯಲ್ಲೇ ಬಾಗಿಲು ಪೂರ್ತಿ ತೆರೆದಳಂತೆ. ಬೆಳಕಾಗುವವರೆಗೆ ಹಿಮದಲ್ಲಿ ಒಬ್ಬರನ್ನೊಬ್ಬರು ಅವುಚಿಕೊಂಡು ಕೂತಿದ್ದರಂತೆ.

"ತಂಡದವರೆಲ್ಲ ನನಗ ಬೈತಾರ್ರೀ. ಟೆಂಟ್ ಆರಿಸ್ಲಿಕ್ಕ ಬರೂದಿಲ್ಲ ಅಂತಾರ. ನಂದೇ ತಪ್ಪು," ಎಂದಳು.

ಸುಮ್ಮನಿದ್ದರೆ ಅದು ಅವಳ ತಪ್ಪಾಗಿಯೇ ಉಳಿಯುತ್ತಿತ್ತು. ಒಂದು ಕ್ಷಣ ಸುಮ್ಮನಿದ್ದೆ. ಅದನ್ನೂ ಇಲ್ಲಿ ಬರೆಯಬೇಕು. ಆಮೇಲೆ ಹೇಳಿದೆ. ಅವಳು ಫೋನು ಇಟ್ಟಳು.

ಅವರು ಊರಿಗೆ ಬಂದ ಮೇಲೆ ನಾನೇ ನೌಬಾದಕ್ಕೆ ಹೋದೆ. ಗೆಳತಿಯೂ ಅಲ್ಲಿದ್ದಳು. ಅವಳ ಮುಂದೆ ಕೈಮುಗಿದೆ.

"ಕೈ ಇಳಸ್ರಿ ಚಾಚಾ. ಜೀವಂತ ಇದ್ದೀವಿ," ಎಂದಳು ಅವಳು. "ತಂಡದವರಿಗೂ ಎಲ್ಲಾ ಹೇಳೀವಿ. ಆದ್ರ ಮುಂದಿನ ಸಲ ನಿಮ್ಮ ಸೂಜಿ ಭಾಲ್ಕಿ ದಾಟಬಾರದು."

ಮಗಳು ನಗಲಿಲ್ಲ. ಬ್ಲೇಡು ತಂದು ನನ್ನ ಕೈಗೆ ಕೊಟ್ಟಳು. ನನ್ನ ಹೊಲಿಗೆಯನ್ನು ನಾನೇ ಬಿಚ್ಚಿದೆ. ನೂಲು ಹೋಯಿತು, ಸೂಜಿಯ ತೂತುಗಳು ಉಳಿದವು. ಒಂದೊಂದಕ್ಕೂ ಅವಳೇ ಅಂಟು ಹಚ್ಚಿದಳು. ನಾನು ಕೈ ಚಾಚಿದರೂ ಟ್ಯೂಬು ಕೊಡಲಿಲ್ಲ.

ಅಂಟು ಒಣಗಿದ ಮೇಲೆ ಟೆಂಟು ನಿಲ್ಲಿಸಿ, ಸೋರುತ್ತದೆಯೇ ನೋಡಲು ಅವಳು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಮುಂದಿನ ಚಳಿಗಾಲ ಇದೇ ಟೆಂಟು ಒಯ್ದು ಇಬ್ಬರೂ ಮತ್ತೆ ಹೋಗುತ್ತಾರೆ. ಬಕೆಟ್ಟು ಎತ್ತಿ ಹಿಡಿದು ನಿಂತೆ. ಒಳಗೆ ಸದ್ದಿಲ್ಲ. ಹಗಲು ಬಿಸಿಲು, ಕೆಳಗೆ ನಮ್ಮದೇ ಮಾಳಿಗೆ, ಆದರೂ ಬಕೆಟ್ಟು ಕೆಳಗಿಟ್ಟೆ.

"ಉಸಿರಾಡ್ಲಿಕ್ಕ ಬರ್ತದೇನವ್ವಾ?" ಎಂದು ಕೇಳಿದೆ.

ಕಿಂಡಿಯ ಮುಚ್ಚಳ ಒಳಗಿನಿಂದ ಮೇಲೆದ್ದಿತು.

"ನೀರು ಸುರೀರಿ, ಅಪ್ಪಾ."