ಮಾಸ್ತರರ ದುರ್ಬೀನು ರಿಪೇರಿ

ಯಲ್ಲಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡ್ರಾಯಿಂಗ್ ಮಾಸ್ತರರಿಗೆ ಯಾರ ಮನೆಯ ಸಾಮಾನು ಕೆಟ್ಟರೂ ಕೈ ತುರಿಸುತ್ತಿತ್ತು. "ಎಂತೂ ಆಗ್ತಿಲ್ಲೆ" ಎಂದು ಧೈರ್ಯ ಹೇಳುತ್ತಲೇ ಬಿಚ್ಚಲು ಕೂರುತ್ತಿದ್ದರು.

ಒಮ್ಮೆ ಅವರ ಹೆಂಡತಿಯ ಅಣ್ಣ, ಮಿಲಿಟರಿಯಲ್ಲಿದ್ದು ಬಂದವರು, ಬೂಷ್ಟು ಹಿಡಿದು ಮಂಜಾಗಿದ್ದ ತಮ್ಮ ಪ್ರೀತಿಯ ಜೋಡಿ ಕೊಳವೆಯ ದುರ್ಬೀನನ್ನು ನಂಬಿ ಕೊಟ್ಟುಹೋದರು. ಮಾಸ್ತರರು ಅದನ್ನು ಜಗಲಿಯಲ್ಲಿ ಬಿಚ್ಚಿ, ಗಾಜುಗಳನ್ನೆಲ್ಲ ಹಳೆಯ ಪಂಚೆಯಲ್ಲಿ ಒರೆಸಿ, ಎರಡು ದಿನ ಕೂತು ಜೋಡಿಸಿದರು.

ಮೊದಲು ನೋಡಿದ ಹೆಂಡತಿ ಹೌಹಾರಿದರು.

"ಅಯ್ಯೋ, ಇದ್ರಲ್ಲಿ ಇಬ್ರು ಗಂಡಂದಿರು! ನಂಗೆ ಒಬ್ರಲ್ಲೇ ಸಾಕಾಗೋಯ್ದು. ಈಗ ಅಣ್ಣಂಗೆ ಎಂತ ಹೇಳದು?"

ಮಾಸ್ತರರ ಮುಖ ಸಣ್ಣದಾಯಿತು. ಅಷ್ಟರಲ್ಲಿ ಅಣ್ಣನೇ ಬಂದು, ದುರ್ಬೀನನ್ನು ಕಣ್ಣಿಗಿಟ್ಟು ರಸ್ತೆಯತ್ತ ನೋಡಿದರು.

"ಭಾವಾ, ಎಲ್ಲಾ ಎರಡೆರಡು ಕಾಣ್ತಲಾ!"

ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು:

"ಮುಂಚೆ ಒಂದೂ ಕಾಣ್ತಿತ್ತಿಲ್ಲೆ."